ಕಂಪನಿಗೆ ಫೋಟೊಗ್ರಾಫರ್ ಬೇಕೇ? ದರ ಹೇಳುವ ಮೊದಲು ಜಾಗ ನೋಡುವವರನ್ನು ಹುಡುಕಿ

ಬೆಂಗಳೂರಿನಲ್ಲಿ 'ಕಾರ್ಪೊರೇಟ್ ಫೋಟೊಗ್ರಫಿ' ಎಂಬ ಬೋರ್ಡಿಗೆ ಬರವಿಲ್ಲ. ಮದುವೆ ಸ್ಟುಡಿಯೊದವರು, ಆ್ಯಪ್‌ನಲ್ಲಿ ಗಂಟೆ ಲೆಕ್ಕಕ್ಕೆ ಸಿಗುವವರು, ವಿಡಿಯೊ ಸೇರಿಸಿ ಪ್ಯಾಕೇಜ್ ಕೊಡುವ ಏಜೆನ್ಸಿಗಳು, ಆಫೀಸು ಮತ್ತು ಕಾರ್ಖಾನೆಗಳ ಕೆಲಸವನ್ನಷ್ಟೇ ಮಾಡಿಕೊಂಡಿರುವ ಒಂಟಿ ಫೋಟೊಗ್ರಾಫರ್‌ಗಳು, ಎಲ್ಲರೂ ಇದೇ ಹೆಸರಿನಲ್ಲಿ ಕೊಟೇಶನ್ ಕಳಿಸುತ್ತಾರೆ. ಎಲ್ಲರ ವೆಬ್‌ಸೈಟ್‌ನಲ್ಲೂ ಹತ್ತಿಪ್ಪತ್ತು ಒಳ್ಳೆಯ ಫೋಟೊ ಇದ್ದೇ ಇರುತ್ತವೆ. ಹತ್ತು ವರ್ಷದ ಕೆಲಸದಲ್ಲಿ ಹೆಕ್ಕಿದ ಇಪ್ಪತ್ತು ಫೋಟೊ ನೋಡಿ, ಮುಂದಿನ ಮಂಗಳವಾರ ನಿಮ್ಮ ಆಫೀಸಿನ ಕಿರಿದಾದ ಮೀಟಿಂಗ್ ರೂಮಿನಲ್ಲಿ ಏನಾಗುತ್ತದೆ ಎಂದು ಊಹಿಸಲು ಆಗುವುದಿಲ್ಲ.

ಈ ಸೇವೆಯನ್ನು ಅಳೆಯಲು ನಾವು ಮೊದಲು ನೋಡುವುದು ಒಂದೇ ವಿಷಯ. ಫೋನಿನಲ್ಲೇ ರೇಟು ಹೇಳಿ ಮುಗಿಸುವವರು ಒಂದು ಕಡೆ, 'ಒಮ್ಮೆ ಬಂದು ಜಾಗ ನೋಡುತ್ತೇನೆ, ಆಮೇಲೆ ಕೊಟೇಶನ್ ಕೊಡುತ್ತೇನೆ' ಎನ್ನುವವರು ಇನ್ನೊಂದು ಕಡೆ. ಎರಡನೆಯವರ ದರ ಸ್ವಲ್ಪ ಹೆಚ್ಚಿದ್ದರೂ ಕೆಲಸ ಅವರಿಗೇ ಕೊಡಿ. ರೆಕ್ಕಿ ಎಂದು ಕರೆಯುವ ಈ ಭೇಟಿಗೆ ಕೆಲವರು ಸಣ್ಣ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲಸ ಖಾತ್ರಿಯಾದರೆ ಬಿಲ್‌ನಲ್ಲಿ ಕಳೆಯುತ್ತಾರೆ. ಅದು ನ್ಯಾಯವೇ.

ಜಾಗ ನೋಡಲು ಬಂದವರು ಏನು ಮಾಡುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ಗಮನಿಸಿ. ಕೆಲಸ ಗೊತ್ತಿದ್ದವರು ಗೋಡೆಯ ಬಣ್ಣಕ್ಕಿಂತ ಮೊದಲು ಸೀಲಿಂಗ್ ನೋಡುತ್ತಾರೆ. ಫಾಲ್ಸ್ ಸೀಲಿಂಗ್ ಎಂಟು ಅಡಿಗಿಂತ ಕೆಳಗಿದ್ದರೆ ಲೈಟನ್ನು ಬೇಕಾದ ಎತ್ತರಕ್ಕೆ ಏರಿಸಲು ಆಗುವುದಿಲ್ಲ. ಪ್ಲಗ್ ಪಾಯಿಂಟ್ ಎಲ್ಲಿವೆ, ಯುಪಿಎಸ್ ಲೈನ್ ಯಾವುದು ಎಂದು ಕೇಳುತ್ತಾರೆ. ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ, ಏಕೆಂದರೆ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಪಶ್ಚಿಮದ ಕ್ಯಾಬಿನ್ ಬೆಳಿಗ್ಗೆ ಒಂದು ತರ, ಮಧ್ಯಾಹ್ನ ಮೂರರ ನಂತರ ಇನ್ನೊಂದೇ ತರ. ನಂತರ ಕ್ಯಾಮೆರಾ ತೆಗೆದು ಚಾವಣಿಯ ಎಲ್‌ಇಡಿ ಪ್ಯಾನೆಲ್‌ಗಳದ್ದು ನಾಲ್ಕು ಟೆಸ್ಟ್ ಶಾಟ್ ಹೊಡೆಯುತ್ತಾರೆ.

ಆ ಟೆಸ್ಟ್‌ಗೆ ಕಾರಣವಿದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು. ಅಗ್ಗದ ಡ್ರೈವರ್ (ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ಪ್ಯಾನೆಲ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು 1/250, 1/500 ಸೆಕೆಂಡಿನಂಥ ವೇಗದ ಶಟರ್‌ನಲ್ಲಿ ಫೋಟೊದ ಅಡ್ಡಕ್ಕೆ ಕಪ್ಪು ಪಟ್ಟಿಗಳಾಗಿ ಇಳಿಯುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ಬಲು ಕಷ್ಟ. ಶಟರ್ 1/50 ಅಥವಾ 1/100ಕ್ಕೆ ಇಳಿಸಬೇಕು, ಇಲ್ಲವೇ ಆ ದೀಪಗಳನ್ನೇ ಆರಿಸಿ ಫ್ಲಾಶ್‌ನಲ್ಲಿ ತೆಗೆಯಬೇಕು. ಫೋನಿನ ಸ್ಲೋ ಮೋಶನ್ ವಿಡಿಯೊವನ್ನು ಸೀಲಿಂಗ್ ಕಡೆ ಹಿಡಿದರೆ ನಿಮಗೇ ಗೊತ್ತಾಗುತ್ತದೆ.

ಟೆಕ್ ಪಾರ್ಕ್‌ಗಳಲ್ಲಿ ರೆಕ್ಕಿಯ ಇನ್ನೊಂದು ಲಾಭ ಗೇಟಿನಲ್ಲಿ ಸಿಗುತ್ತದೆ. ಮಾನ್ಯತಾ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಲ್ಲೇ ಇರಲಿ, ಸಾಮಾನು ಒಳಗೆ ಹೋಗಲು ರಿಟರ್ನಬಲ್ ಗೇಟ್ ಪಾಸ್ ಬೇಕು. ಕ್ಯಾಮೆರಾ, ಲೆನ್ಸ್, ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರ್ ಇರುವ ಪಟ್ಟಿ ಹಿಂದಿನ ದಿನವೇ ಅಡ್ಮಿನ್ ಕೈ ಸೇರದಿದ್ದರೆ ಬೆಳಗಿನ ಮುಕ್ಕಾಲು ಗಂಟೆ ಸೆಕ್ಯುರಿಟಿ ಡೆಸ್ಕ್‌ನಲ್ಲೇ ಹೋಗುತ್ತದೆ, ಅಷ್ಟರಲ್ಲಿ ಮೊದಲ ಬ್ಯಾಚಿನವರು ಮೀಟಿಂಗ್‌ಗೆ ಹೋಗಿರುತ್ತಾರೆ. ಲಾಬಿ, ಹುಲ್ಲುಹಾಸು, ಕಾರಂಜಿ ಇವೆಲ್ಲ ಪಾರ್ಕ್ ಆಡಳಿತದವರ ಸ್ವತ್ತು. ನಿಮ್ಮ ಮಹಡಿಗೆ ಬಾಡಿಗೆ ಕೊಟ್ಟಿದ್ದೀರಿ ಎಂದ ಮಾತ್ರಕ್ಕೆ ಅಲ್ಲಿ ಶೂಟ್ ಮಾಡಲು ಬಿಡುವುದಿಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಲ್ಲಿ ವಾಣಿಜ್ಯ ಶೂಟಿಂಗ್ ಎಂದರೆ ತೋಟಗಾರಿಕೆ ಇಲಾಖೆಯ ಅನುಮತಿ ಬೇಕು. ಅನುಮತಿ ಯಾರು ತರುತ್ತಾರೆ ಎಂಬುದು ಕೊಟೇಶನ್‌ನಲ್ಲೇ ಬರಲಿ.

ಯಾರು ಯಾವ ಕೆಲಸಕ್ಕೆ

ಮದುವೆ ಸ್ಟುಡಿಯೊಗಳನ್ನು ಕೀಳಾಗಿ ನೋಡಬೇಕಿಲ್ಲ. ದಿನವಿಡೀ ನಿಂತು ಎರಡು ಕ್ಯಾಮೆರಾದಲ್ಲಿ ಜನಜಂಗುಳಿಯ ನಡುವೆ ಕೆಲಸ ಮಾಡುವ ತಾಕತ್ತು ಅವರಿಗಿದೆ. ಕಂಪನಿಯ ವಾರ್ಷಿಕೋತ್ಸವ, ನವೆಂಬರ್ 1ರ ರಾಜ್ಯೋತ್ಸವ, ಫ್ಯಾಮಿಲಿ ಡೇ ಇವಕ್ಕೆ ಅವರೇ ಸರಿ. ಕಾರ್ಖಾನೆಗೆ ಬಂದಾಗ ತೊಂದರೆ ಶುರುವಾಗುತ್ತದೆ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 1.8ಕ್ಕೆ ಅಗಲಿಸಿ ಹಿನ್ನೆಲೆ ಮಸುಕು ಮಾಡುವುದು ಅವರಿಗೆ ರೂಢಿ, ನಿಮಗೆ ಬೇಕಿರುವುದು ಆಪರೇಟರ್ ಜೊತೆ ಹಿಂದಿನ ಮಷೀನೂ ಸ್ಪಷ್ಟವಾಗಿರುವ ಫೋಟೊ. ಹಳದಿಗೆ ತಿರುಗಿಸಿದ ಬಣ್ಣ, ಮೇಣದಂತೆ ನುಣುಪು ಮಾಡಿದ ಮುಖ ಮದುವೆ ಆಲ್ಬಮ್‌ಗೆ ಒಪ್ಪುತ್ತದೆ, ಡೈರೆಕ್ಟರ್‌ಗಳ ಪುಟಕ್ಕೆ ಒಪ್ಪುವುದಿಲ್ಲ.

ಆ್ಯಪ್ ಮೂಲಕ ಗಂಟೆ ಲೆಕ್ಕಕ್ಕೆ ಬುಕ್ ಮಾಡುವುದರಲ್ಲಿ ದರ ಮೊದಲೇ ಗೊತ್ತಿರುತ್ತದೆ, ಬಿಲ್ ಸಲೀಸಾಗಿ ಬರುತ್ತದೆ. ಆದರೆ ಯಾರು ಬರುತ್ತಾರೆ ಎಂಬುದು ಹಿಂದಿನ ಸಂಜೆಯವರೆಗೂ ಗೊತ್ತಿರುವುದಿಲ್ಲ, ಬಂದವರ ಬಳಿ ಸ್ಟುಡಿಯೊ ಲೈಟ್ ಇರುವುದು ಅಪರೂಪ. ಒಳಗಿನ ಟೀಮ್ ಕಾರ್ಯಕ್ರಮಕ್ಕೆ ಸಾಕು, ಅಲ್ಲಿಗೇ ನಿಲ್ಲಿಸಿ.

ಏಜೆನ್ಸಿಗಳ ಬಲ ಇರುವುದು ದೊಡ್ಡ ಕೆಲಸದಲ್ಲಿ. ವಿಡಿಯೊ, ಫೋಟೊ ಎರಡೂ ಬೇಕು, ಬೆಂಗಳೂರಿನ ಜೊತೆಗೆ ಹೊಸೂರಿನ ಘಟಕದಲ್ಲೂ ಅದೇ ವಾರ ಆಗಬೇಕು ಎಂದರೆ ಒಬ್ಬರಿಂದ ಆಗುವುದಿಲ್ಲ. ಆದರೆ ಪ್ರೆಸೆಂಟೇಶನ್‌ನಲ್ಲಿ ತೋರಿಸಿದ ಫೋಟೊ ತೆಗೆದವರು ಒಬ್ಬರು, ಶೂಟ್ ದಿನ ಬರುವವರು ಮತ್ತೊಬ್ಬರು ಆಗುವ ಸಂಭವ ಇಲ್ಲೇ ಹೆಚ್ಚು. ಪರ್ಚೇಸ್ ಆರ್ಡರ್‌ನಲ್ಲಿ ಫೋಟೊಗ್ರಾಫರ್ ಹೆಸರನ್ನೇ ಬರೆಸಿ, ಅವರ ಇತ್ತೀಚಿನ ಕೆಲಸವನ್ನು ಬೇರೆಯಾಗಿ ತರಿಸಿ ನೋಡಿ.

ಸಿಬ್ಬಂದಿಯ ಎದೆಮಟ್ಟದ ಭಾವಚಿತ್ರ, ಅಂದರೆ ಹೆಡ್‌ಶಾಟ್‌ಗೂ ಕಾರ್ಖಾನೆಗೂ ನಮ್ಮ ಆಯ್ಕೆ ಒಬ್ಬ ಅಸಿಸ್ಟೆಂಟ್ ಜೊತೆ ಬರುವ ಸ್ವತಂತ್ರ ಕಾರ್ಪೊರೇಟ್ ಫೋಟೊಗ್ರಾಫರ್. ಮಾತಾಡಿದವರೇ ಬರುತ್ತಾರೆ, ಬಂದವರೇ ಎಡಿಟ್ ಮಾಡುತ್ತಾರೆ. ಅವರಿಗೆ ಜ್ವರ ಬಂದರೆ ಏನು ಎಂಬುದೊಂದೇ ಇಲ್ಲಿನ ಅಪಾಯ. ಬದಲಿಗೆ ಯಾರು ಬರುತ್ತಾರೆ ಎಂದು ಮೊದಲೇ ಹೆಸರು ಕೇಳಿ. ಉತ್ತರ ಇಲ್ಲದಿದ್ದರೆ, ತಾರೀಕು ಮುಂದೂಡಲಾಗದ ಕೆಲಸವನ್ನು ಅವರಿಗೆ ಒಪ್ಪಿಸಬೇಡಿ.

ಸೆಲ್ಫಿ ಹಾಕಿದರೆ ಸೂಟು ತೊಡಿಸಿ ಹೆಡ್‌ಶಾಟ್ ಮಾಡಿಕೊಡುವ ಎಐ ಸೇವೆಗಳೂ ಈಗ ಇವೆ. ದವಡೆ, ಹಲ್ಲು, ಕೂದಲಿನ ಅಂಚು ಸ್ವಲ್ಪ ಸ್ವಲ್ಪ ಬದಲಾಗಿ ಕೊನೆಗೆ ಅದು ಆ ವ್ಯಕ್ತಿಯ ಸೋದರಸಂಬಂಧಿಯ ಫೋಟೊದಂತೆ ಕಾಣುತ್ತದೆ. ಗ್ರಾಹಕರನ್ನು ಮುಖಾಮುಖಿ ಭೇಟಿಯಾಗುವವರಿಗೆ ಇದು ಬೇಡ.

ಹೆಡ್‌ಶಾಟ್: ಅರವತ್ತು ಜನ, ಒಂದು ದಿನ

ಮೊದಲು ಜಾಗದ ಲೆಕ್ಕ. 85 ಎಂಎಂ ಲೆನ್ಸ್‌ನಲ್ಲಿ ಎದೆಮಟ್ಟದ ಫೋಟೊಗೆ ಕ್ಯಾಮೆರಾದಿಂದ ವ್ಯಕ್ತಿಗೆ ಆರೇಳು ಅಡಿ ಬೇಕು. ವ್ಯಕ್ತಿಯಿಂದ ಹಿಂದಿನ ಪರದೆಗೆ (ಬ್ಯಾಕ್‌ಡ್ರಾಪ್) ಐದಾರು ಅಡಿ ಇರಬೇಕು, ಇಲ್ಲದಿದ್ದರೆ ನೆರಳು ಹಿಂದೆ ಬೀಳುತ್ತದೆ. ಫೋಟೊಗ್ರಾಫರ್ ನಿಲ್ಲಲು ಎರಡು ಮೂರು ಅಡಿ ಸೇರಿಸಿದರೆ 16 ಅಡಿ ಉದ್ದ, 12 ಅಡಿ ಅಗಲದ ಕೋಣೆ. ಇದಕ್ಕಿಂತ ಚಿಕ್ಕದರಲ್ಲಿ ತೆಗೆಯಲೇಬೇಕೆಂದರೆ ವೈಡ್ ಲೆನ್ಸ್ ಹಾಕಿ ಹತ್ತಿರ ಬರುತ್ತಾರೆ, ಆಗ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಎಚ್‌ಆರ್‌ನವರು ಕೊಡುವ ಎಂಟು ಅಡಿಯ ಫೋನ್ ಬೂತಿನಲ್ಲಿ ಹೆಡ್‌ಶಾಟ್ ಆಗುವುದಿಲ್ಲ. ತರಬೇತಿ ಕೋಣೆಯ ಕುರ್ಚಿಗಳನ್ನು ತೆಗೆಸಿ ಕೊಡಿ.

ಸಮಯದ ಲೆಕ್ಕವೂ ಅಷ್ಟೇ ಮುಖ್ಯ. ಕಾಲರ್ ಸರಿಪಡಿಸುವುದು, ಹತ್ತು ಹನ್ನೆರಡು ಫ್ರೇಮ್, ಲ್ಯಾಪ್‌ಟಾಪ್‌ನಲ್ಲಿ ತೋರಿಸಿ ಒಂದನ್ನು ಆರಿಸುವುದು, ಇಷ್ಟಕ್ಕೆ ಒಬ್ಬರಿಗೆ ಐದು ನಿಮಿಷ. ಅರವತ್ತು ಜನಕ್ಕೆ ಐದು ಗಂಟೆ. ಸೆಟಪ್‌ಗೆ ಒಂದು ಗಂಟೆ, ಊಟ ಮತ್ತು ಕಾಫಿಗೆ ಒಂದು ಗಂಟೆ, ತಡವಾಗಿ ಬರುವವರಿಗೆ ಅರ್ಧ ಗಂಟೆ. ಒಟ್ಟು ಏಳೂವರೆ ಗಂಟೆ, ಎಂಟು ಗಂಟೆಯ ದಿನ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. 'ಒಂದೇ ದಿನದಲ್ಲಿ ನೂರಿಪ್ಪತ್ತು ಜನ ಮಾಡಿಕೊಡ್ತೀವಿ ಸರ್' ಎಂದರೆ ಎರಡು ಸೆಟ್ ಹಾಕುತ್ತೀರಾ ಎಂದು ಕೇಳಿ. ಒಂದೇ ಸೆಟ್ ಎಂದರೆ ಮಧ್ಯಾಹ್ನದ ನಂತರ ತಲೆಗೆ ಎರಡು ನಿಮಿಷ ಸಿಗುತ್ತದೆ, ಎಲ್ಲರ ಮುಖದಲ್ಲೂ ಆ ಅವಸರ ಕಾಣುತ್ತದೆ.

ಫೋಟೊಗ್ರಾಫರ್ ಫ್ಲಾಶ್ ಲೈಟ್ ತರುತ್ತಾರೆಯೇ, ಸೀಲಿಂಗ್ ಬೆಳಕನ್ನೇ ನಂಬುತ್ತಾರೆಯೇ ಎಂಬುದು ಗುಣಮಟ್ಟದ ಗಡಿರೇಖೆ. ಆಫೀಸಿನ ಪ್ಯಾನೆಲ್ ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಯಲ್ಲಿ ನೆರಳು ಮಾಡುತ್ತದೆ. ಕಿಟಕಿಯ ಬೆಳಕು ನೀಲಿ, ಪ್ಯಾನೆಲ್‌ನದ್ದು ಹಸಿರು ಬೆರೆತದ್ದು, ಎರಡೂ ಸೇರಿದರೆ ಒಂದು ಕೆನ್ನೆಗೊಂದು ಬಣ್ಣ. ಬ್ಲೈಂಡ್ಸ್ ಇಳಿಸಿ, ಪ್ಯಾನೆಲ್ ಆರಿಸಿ, ಬೆಳಕನ್ನು ಮೆದುಗೊಳಿಸುವ ನಾಲ್ಕು ಅಡಿಯ ಆಕ್ಟಾಬಾಕ್ಸ್ ಒಂದು, ಎದುರು ಬದಿಗೆ ರಿಫ್ಲೆಕ್ಟರ್ ಇಲ್ಲವೇ ಎರಡನೇ ಲೈಟ್, ಹಿನ್ನೆಲೆಗೆ ಇನ್ನೊಂದು. ಅಪರ್ಚರ್ ಎಫ್ 8, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ 1/160ರ ಸುಮಾರು ಇಟ್ಟರೆ ಕೋಣೆಯ ಬೆಳಕು ಲೆಕ್ಕಕ್ಕೇ ಬರುವುದಿಲ್ಲ, ಮೂಗಿನ ತುದಿಯಿಂದ ಕಿವಿಯವರೆಗೂ ಸ್ಪಷ್ಟವಾಗಿರುತ್ತದೆ.

ಕನ್ನಡಕ ಹಾಕಿದವರನ್ನು ಹೇಗೆ ನಿಭಾಯಿಸುತ್ತಾರೆ ನೋಡಿ. ಆ್ಯಂಟಿ ಗ್ಲೇರ್ ಲೇಪನ ಇರುವ ಗಾಜಿನಲ್ಲಿ ಲೈಟಿನ ಬಾಕ್ಸ್ ಹಸಿರು ಕಲೆಯಾಗಿ ಕಾಣುತ್ತದೆ. ಲೈಟನ್ನು ಅರ್ಧ ಅಡಿ ಏರಿಸುವುದು, ಗದ್ದ ಸ್ವಲ್ಪ ಇಳಿಸುವುದು, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದೆರಡು ಮಿಲಿಮೀಟರ್ ಎತ್ತುವುದು, ಇಷ್ಟರಲ್ಲಿ ಅದು ಹೋಗುತ್ತದೆ. ಬಲ್ಲವರು ಅಲ್ಲೇ ಸರಿಮಾಡುತ್ತಾರೆ. 'ಫೋಟೊಶಾಪ್‌ನಲ್ಲಿ ತೆಗೀತೀನಿ' ಎನ್ನುವವರು ಅರವತ್ತರಲ್ಲಿ ಇಪ್ಪತ್ತೈದು ಜನಕ್ಕೆ ಅದನ್ನೇ ಮಾಡಬೇಕಾಗುತ್ತದೆ, ಡೆಲಿವರಿ ಒಂದು ವಾರ ಮುಂದೆ ಹೋಗುತ್ತದೆ. ಸಣ್ಣ ಗೆರೆ, ಸಣ್ಣ ಚೌಕುಳಿಯ ಅಂಗಿಗಳಲ್ಲಿ ಕಾಮನಬಿಲ್ಲಿನಂಥ ಅಲೆಗಳು ಮೂಡುತ್ತವೆ, ಮೊಯರೆ ಎನ್ನುತ್ತಾರೆ. ಸಿಬ್ಬಂದಿಗೆ ಕಳಿಸುವ ಮೇಲ್‌ನಲ್ಲಿ 'ಒಂದೇ ಬಣ್ಣದ ಅಂಗಿ ಅಥವಾ ಸೀರೆ' ಎಂದು ಬರೆದುಬಿಡಿ, ಒಂದು ಸ್ಟೀಮರ್ ತರಲು ಹೇಳಿ.

ರೀಟಚ್, ಅಂದರೆ ಕಂಪ್ಯೂಟರ್‌ನಲ್ಲಿ ಮಾಡುವ ತಿದ್ದುಪಡಿ, ಎಲ್ಲಿಯವರೆಗೆ ಎಂಬುದನ್ನು ಬರವಣಿಗೆಯಲ್ಲಿ ಇಡಬೇಕು. ಮೊಡವೆ ಹೋಗುವಂಥದ್ದು, ತೆಗೆಯಬಹುದು. ಮಚ್ಚೆ, ಗಾಯದ ಕಲೆ ಅವರ ಮುಖದ ಭಾಗ, ಅವರು ಕೇಳದೆ ಮುಟ್ಟಬಾರದು. ವಿಭೂತಿ, ಕುಂಕುಮವನ್ನು ಕಲೆ ಎಂದುಕೊಂಡು ಅಳಿಸಿಬಿಡುವ ಎಡಿಟರ್‌ಗಳಿದ್ದಾರೆ, ಮುಖ್ಯವಾಗಿ ಎಡಿಟಿಂಗನ್ನು ಹೊರಗೆ ಕೊಡುವ ಕಡೆ. ಇನ್ನು ಚರ್ಮದ ಬಣ್ಣ. ಕಪ್ಪು ಮೈಬಣ್ಣದವರನ್ನು ಬೆಳ್ಳಗೆ ಮಾಡಿ ಕೊಡುವ ಚಾಳಿ ಇನ್ನೂ ಹೋಗಿಲ್ಲ. ಅದು ಆ ವ್ಯಕ್ತಿಗೆ ಮಾಡುವ ಅವಮಾನ. ಬಿಳಿ ಹಿನ್ನೆಲೆಯಲ್ಲಿ ಕ್ಯಾಮೆರಾದ ಆಟೊ ಮೀಟರ್ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ ಎಂಬುದು ನಿಜ, ಅದಕ್ಕೆ ಮದ್ದು ಕೈಯಾರೆ ಎಕ್ಸ್‌ಪೋಶರ್ ಇಡುವುದು ಮತ್ತು ಗ್ರೇ ಕಾರ್ಡ್ (ಬೆಳಕು, ಬಣ್ಣ ಅಳೆಯಲು ಬಳಸುವ ಬೂದು ಹಾಳೆ) ಬಳಸುವುದು. ಕೊಟೇಶನ್‌ನಲ್ಲಿ 'ಮೈಬಣ್ಣ ಬದಲಿಸುವಂತಿಲ್ಲ' ಎಂಬ ಒಂದು ಸಾಲು ಸೇರಿಸಿ.

ಬಹಳ ಕಂಪನಿಗಳು ಕೇಳುವುದನ್ನೇ ಮರೆಯುವ ಒಂದು ಕಾಗದವಿದೆ: ಸೆಟಪ್ ಶೀಟ್. ಲೈಟಿನ ಎತ್ತರ, ದೂರ, ಪವರ್, ಲೆನ್ಸ್, ಅಪರ್ಚರ್, ವೈಟ್ ಬ್ಯಾಲೆನ್ಸ್, ಕ್ಯಾಮೆರಾ ಎತ್ತರ, ಬ್ಯಾಕ್‌ಡ್ರಾಪ್ ಕಾಗದದ ಬಣ್ಣದ ಹೆಸರು, ನೆಲದ ಮೇಲೆ ಟೇಪ್ ಅಂಟಿಸಿದ ಗುರುತುಗಳದ್ದೊಂದು ಫೋಟೊ. ಆರು ತಿಂಗಳ ನಂತರ ಹನ್ನೆರಡು ಜನ ಹೊಸದಾಗಿ ಸೇರುತ್ತಾರೆ. ಈ ಶೀಟ್ ಇದ್ದರೆ ಅವರ ಫೋಟೊ ಹಳೆಯವುಗಳ ಜೊತೆ ಹೊಂದುತ್ತದೆ, ಫೋಟೊಗ್ರಾಫರ್ ಬದಲಾದರೂ ಹೊಂದುತ್ತದೆ. ಇಲ್ಲದಿದ್ದರೆ ಟೀಮ್ ಪುಟದಲ್ಲಿ ಮೂರು ತರದ ಬೂದು ಹಿನ್ನೆಲೆ ಕಾಣಿಸುತ್ತದೆ.

ಪೀಣ್ಯ, ಬೊಮ್ಮಸಂದ್ರ, ಜಿಗಣಿ: ಕಾರ್ಖಾನೆಯೊಳಗೆ

ಕಾರ್ಖಾನೆಯ ಫೋಟೊವನ್ನು ಹೆಚ್ಚಾಗಿ ನೋಡುವುದು ಹೊರದೇಶದ ಖರೀದಿದಾರ ಮತ್ತು ಅವನ ಆಡಿಟರ್. ಅವರು ನೋಡುವುದೇ ಬೇರೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಮುಂದೆ ಆಪರೇಟರ್‌ಗೆ ಹೆಲ್ಮೆಟ್, ಕನ್ನಡಕ, ಹೊಸ ಕೈಗವಸು ಎಲ್ಲ ಹಾಕಿಸಿ ನಿಲ್ಲಿಸಿದರೆ 'ಸೇಫ್ಟಿ ಚೆನ್ನಾಗಿದೆ' ಅನ್ನಿಸುತ್ತದೆ. ಆದರೆ ಲೋಹದ ತುಂಡನ್ನು (ಜಾಬ್) ಹಿಡಿದು ತಿರುಗುವ ಚಕ್ ಹತ್ತಿರ ಕೈಗವಸು ಹಾಕಲೇಬಾರದು, ಬಟ್ಟೆ ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತದೆ. ಆ ಒಂದು ಫೋಟೊ ನಿಮ್ಮ ಇಡೀ ಪ್ರೊಫೈಲ್‌ನ ಮೇಲೆ ಅನುಮಾನ ತರುತ್ತದೆ. ಬಾಗಿಲು ತೆರೆದಿಟ್ಟು, ಹಾಗೆ ತೆರೆದಾಗ ಮಷೀನ್ ನಿಲ್ಲಿಸುವ ಇಂಟರ್‌ಲಾಕ್ ತಪ್ಪಿಸಿ, ಸ್ಪಿಂಡಲ್ ಓಡಿಸಿ ತೆಗೆದ ಫೋಟೊವೂ ಅಷ್ಟೇ. ಬಲ್ಲವರು ಮಷೀನ್ ನಿಲ್ಲಿಸಿ, ಚಕ್‌ನಲ್ಲಿ ಜಾಬ್ ಹಿಡಿಸಿ, ಒಳಗೆ ಒಂದು ಚಿಕ್ಕ ಫ್ಲಾಶ್ ಇಟ್ಟು ತೆಗೆಯುತ್ತಾರೆ. ಕೂಲಂಟ್ (ತಂಪು ಮಾಡುವ ದ್ರವ) ಚಿಮ್ಮುವ ದೃಶ್ಯವೇ ಬೇಕೆಂದರೆ ಬಾಗಿಲು ಮುಚ್ಚಿ, ಕಿಟಕಿಯ ಗಾಜಿನ ಮೇಲಿನ ಬಿಳಿ ಕಲೆ ಒರೆಸಿ, ಆ ಗಾಜಿನ ಮೂಲಕ.

ಆದ್ದರಿಂದ ಫೋಟೊಗ್ರಾಫರ್ ಜೊತೆ ಮಾರ್ಕೆಟಿಂಗ್‌ನವರನ್ನು ಮಾತ್ರ ಕಳಿಸಿದರೆ ಸಾಲದು, ಪ್ರೊಡಕ್ಷನ್ ಅಥವಾ ಕ್ವಾಲಿಟಿಯಿಂದ ಒಬ್ಬರು ದಿನವಿಡೀ ಜೊತೆಗಿರಬೇಕು. ಫ್ರೇಮ್‌ನ ಮೂಲೆಯಲ್ಲಿ ಏನೇನು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕಾಣುವುದು ಅವರಿಗೇ: ಅವಧಿ ಮುಗಿದ ಕ್ಯಾಲಿಬ್ರೇಶನ್ ಸ್ಟಿಕ್ಕರ್, ಕೆಂಪು ರಿಜೆಕ್ಷನ್ ಬಿನ್, ಬೇರೆ ಗ್ರಾಹಕನ ಹೆಸರಿರುವ ಟ್ಯಾಗ್, ಮೇಜಿನ ಮೇಲೆ ಬಿಚ್ಚಿಟ್ಟ ಡ್ರಾಯಿಂಗ್, ಎರಡು ತಿಂಗಳಿಂದ ತುಂಬದ 5ಎಸ್ (ಶಾಪನ್ನು ಅಚ್ಚುಕಟ್ಟಾಗಿಡುವ ಪದ್ಧತಿ) ಬೋರ್ಡ್. ಆಫೀಸುಗಳಲ್ಲಿ ಇದರ ಜಾಗಕ್ಕೆ ಮಾನಿಟರ್‌ಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಮತ್ತು ಅಳಿಸದ ವೈಟ್‌ಬೋರ್ಡ್ ಇರುತ್ತವೆ.

ಶೂಟ್‌ಗೆ ಯಾವ ವಾರ ಒಳ್ಳೆಯದು ಎಂದು ಕೇಳಿದರೆ ನಮ್ಮ ಉತ್ತರ ಆಯುಧಪೂಜೆಗೆ ಮುಂಚಿನ ದಿನಗಳು. ಮಷೀನ್ ಒರೆಸಿ, ನೆಲ ತೊಳೆದು, ಗೆರೆಗಳಿಗೆ ಬಣ್ಣ ಹೊಡೆದು ಇಡೀ ಶಾಪ್ ವರ್ಷದಲ್ಲೇ ಅಚ್ಚುಕಟ್ಟಾಗಿರುವ ಕಾಲ ಅದು. ಕುಂಬಳಕಾಯಿ, ಬಾಳೆಕಂದು, ಅರಿಶಿನ ಕುಂಕುಮ ಬರುವ ಮೊದಲಿನ ಎರಡು ದಿನವನ್ನು ಫೋಟೊಗ್ರಾಫರ್‌ಗೆ ಕೊಡಿ. ಹಬ್ಬದ ದಿನದ ಫೋಟೊ ಬೇಕೇ ಬೇಕು, ಅದು ಸಿಬ್ಬಂದಿಗಾಗಿ, ಬೇರೆ ಆಲ್ಬಮ್.

ಬ್ಯಾಟರಿ ಮೇಲೆ ನಡೆಯುವ ಫ್ಲಾಶ್ ಇದೆಯೇ ಎಂದು ಕೇಳಿ. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವಾಗ, ಪಕ್ಕದಲ್ಲಿ ವೆಲ್ಡಿಂಗ್ ನಡೆಯುವಾಗ ವೋಲ್ಟೇಜ್ ಜಿಗಿಯುತ್ತದೆ, ಕೇಬಲ್ ಎಳೆದರೆ ಫೋರ್ಕ್‌ಲಿಫ್ಟ್ ದಾರಿಗೆ ಅಡ್ಡ. ಪೇಂಟ್ ಬೂತ್, ಸಾಲ್ವೆಂಟ್ ಇಡುವ ಕೋಣೆಗಳಲ್ಲಿ ಸಾಮಾನ್ಯ ಫ್ಲಾಶ್ ಹಚ್ಚಲೇಬಾರದು, ಕಿಡಿ ಅಪಾಯ. ಲೇಸರ್ ಕಟಿಂಗ್, ಲೇಸರ್ ಮಾರ್ಕಿಂಗ್ ಮಷೀನಿನ ಕಿರಣ ನೇರ ಅಥವಾ ಪ್ರತಿಫಲಿಸಿ ಲೆನ್ಸ್‌ಗೆ ಬಿದ್ದರೆ ಕ್ಯಾಮೆರಾ ಸೆನ್ಸರ್ ಸುಟ್ಟುಹೋಗಬಹುದು. ಇವನ್ನೆಲ್ಲ ರೆಕ್ಕಿಯಲ್ಲೇ ತಾನಾಗಿ ಕೇಳುವ ಫೋಟೊಗ್ರಾಫರ್ ಕಾರ್ಖಾನೆ ಕಂಡವರು.

ಮಾತಿನ ಭಾಷೆಯೂ ಕೆಲಸಕ್ಕೆ ಬರುತ್ತದೆ. 'ಅಣ್ಣ, ಈ ಕಡೆ ನೋಡಬೇಡಿ, ನಿಮ್ಮ ಕೆಲಸ ನೀವು ಮಾಡ್ತಾ ಇರಿ' ಎಂದು ಸಲೀಸಾಗಿ ಹೇಳಿ, ಎರಡು ನಿಮಿಷ ಸುಮ್ಮನೆ ನಿಲ್ಲಬಲ್ಲವರಿಗೆ ಸಹಜವಾದ ಫೋಟೊ ಸಿಗುತ್ತದೆ. ಕಾರ್ಮಿಕರಲ್ಲಿ ಒಡಿಶಾ, ಬಿಹಾರದವರೂ ಇರುವುದರಿಂದ ನಾಲ್ಕು ಮಾತು ಹಿಂದಿಯೂ ಬೇಕು. ಇಂಗ್ಲಿಷಿನಲ್ಲಿ ದೂರದಿಂದ ಆಜ್ಞೆ ಕೊಡುವವರ ಫೋಟೊದಲ್ಲಿ ಎಲ್ಲರೂ ಅಟೆನ್ಷನ್‌ನಲ್ಲಿ ನಿಂತಿರುತ್ತಾರೆ.

ಬಿಡಿಭಾಗಗಳ ಫೋಟೊ ಪ್ರತ್ಯೇಕ ವಿದ್ಯೆ. ಗ್ರೈಂಡ್ ಮಾಡಿದ ಉಕ್ಕು ತನ್ನ ಸುತ್ತಲಿನದನ್ನೆಲ್ಲ ತೋರಿಸುತ್ತದೆ, ಕ್ಯಾಮೆರಾ ಹಿಡಿದ ಕೈಯನ್ನೂ. ಲೆನ್ಸ್‌ಗೆ ಪೋಲರೈಸರ್ ಹಾಕಿದರೆ ಹೊಳಪು ಹೋಗುತ್ತದೆ ಎಂದು ಹೇಳುವವರನ್ನು ಸ್ವಲ್ಪ ಕೆದಕಿ ಕೇಳಿ. ಗಾಜು, ನೀರು, ಬಣ್ಣ ಬಳಿದ ಮೇಲ್ಮೈಗೆ ಅದು ಸರಿ. ಬರಿಯ ಲೋಹದ ಹೊಳಪಿಗೆ ಲೆನ್ಸ್ ಮೇಲಿನ ಪೋಲರೈಸರ್ ಒಂದೇ ಇದ್ದರೆ ಹೆಚ್ಚೇನೂ ಆಗುವುದಿಲ್ಲ, ಲೈಟಿನ ಮುಂದೆಯೂ ಪೋಲರೈಸಿಂಗ್ ಹಾಳೆ ಬೇಕು. ಇಲ್ಲವೇ ದೊಡ್ಡ ಡಿಫ್ಯೂಸರ್ ಹಾಳೆಗಳ ನಡುವೆ ಭಾಗವನ್ನಿಟ್ಟು, ಅಂಚು ಎದ್ದು ಕಾಣಲು ಪಕ್ಕದಲ್ಲಿ ಕಪ್ಪು ಕಾರ್ಡ್ ನಿಲ್ಲಿಸಬೇಕು. ಅಂಗೈಯಗಲದ ಗೇರ್ ಕೂಡ ಮುಂದಿನ ಹಲ್ಲಿನಿಂದ ಹಿಂದಿನ ಹಲ್ಲಿನವರೆಗೆ ಒಂದೇ ಶಾಟ್‌ನಲ್ಲಿ ಸ್ಪಷ್ಟವಾಗುವುದಿಲ್ಲ, ಫೋಕಸ್ ಸರಿಸುತ್ತಾ ಹಲವು ಫ್ರೇಮ್ ತೆಗೆದು ಜೋಡಿಸುತ್ತಾರೆ. ಹೀಗಾಗಿ ಒಂದು ಭಾಗಕ್ಕೆ ಅರ್ಧ ಗಂಟೆ ಹಿಡಿಯುವುದು ಸಹಜ. ನಿಮ್ಮ ಕಡೆಯಿಂದ ಆಗಬೇಕಾದದ್ದು ಗೀರು ಇಲ್ಲದ ಎರಡು ಮಾದರಿ ಆರಿಸುವುದು, ತುಕ್ಕು ನಿರೋಧಕ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿಡುವುದು, ಆಮೇಲೆ ಬರಿಗೈಯಲ್ಲಿ ಮುಟ್ಟದಿರುವುದು. ಬೆರಳಚ್ಚನ್ನು ಕಂಪ್ಯೂಟರ್‌ನಲ್ಲಿ ಅಳಿಸುವ ಖರ್ಚು ನಿಮ್ಮ ಬಿಲ್‌ಗೇ ಬರುತ್ತದೆ.

ಕಟ್ಟಡ, ಡ್ರೋನ್, ಕಾರ್ಯಕ್ರಮ

ಕಟ್ಟಡದ ಹೊರನೋಟಕ್ಕೆ ದಿಕ್ಕು ಮತ್ತು ತಿಂಗಳು ನೋಡಬೇಕು. ಪೂರ್ವಮುಖಕ್ಕೆ ಬೆಳಿಗ್ಗೆ, ಪಶ್ಚಿಮಕ್ಕೆ ಸಂಜೆ. ಉತ್ತರಮುಖದ ಕಟ್ಟಡಕ್ಕೆ ಬೆಂಗಳೂರಿನಲ್ಲಿ ನಡುಹಗಲ ಬಿಸಿಲು ತಾಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ, ಆಗಷ್ಟೇ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅದರಲ್ಲಿ ಅರ್ಧ ಕಾಲ ಮೋಡ. ಅಂಥ ಕಟ್ಟಡವನ್ನು ಸೂರ್ಯ ಮುಳುಗಿದ ಹದಿನೈದು ಇಪ್ಪತ್ತು ನಿಮಿಷಕ್ಕೆ, ಒಳಗಿನ ದೀಪ ಎಲ್ಲ ಹಚ್ಚಿಸಿ, ಆಕಾಶ ನೀಲಿ ಇರುವಾಗ ತೆಗೆಯುವುದೇ ಸರಿ.

ಡ್ರೋನ್ ಎಂದರೆ 2021ರ ಡ್ರೋನ್ ನಿಯಮಗಳು. ಹಾರುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಬೇಕು. ಎಚ್‌ಎಎಲ್, ಯಲಹಂಕ, ಜಾಲಹಳ್ಳಿ, ಜಕ್ಕೂರು, ದೇವನಹಳ್ಳಿ ಹೀಗೆ ವಿಮಾನ ನಿಲ್ದಾಣ, ವಾಯುಪಡೆ ನೆಲೆಗಳಿರುವ ಈ ಊರಿನಲ್ಲಿ ನಿರ್ಬಂಧ ಇಲ್ಲದ ಜಾಗ ಎಂದು ಊಹಿಸಿಕೊಳ್ಳುವುದು ತಪ್ಪು. ಡ್ರೋನ್‌ನ ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರ, ವಿಮೆ ಮೂರರ ಪ್ರತಿ ಮುಂಚೆಯೇ ತರಿಸಿಕೊಳ್ಳಿ. 'ಐದೇ ನಿಮಿಷ, ಯಾರಿಗೂ ಗೊತ್ತಾಗಲ್ಲ' ಎನ್ನುವವರನ್ನು ಗೇಟಿನಿಂದಲೇ ಕಳಿಸಿ.

ಕಾರ್ಯಕ್ರಮಗಳಲ್ಲಿ ಕೇಳಬೇಕಾದದ್ದು ಕಡಿಮೆ. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡಿಗೆ ಒಟ್ಟಿಗೆ ಬರೆಯುತ್ತಾರೆಯೇ, ಇಬ್ಬರಿದ್ದರೆ ಎರಡೂ ಕ್ಯಾಮೆರಾಗಳ ಗಡಿಯಾರ ಹೊಂದಿಸುತ್ತಾರೆಯೇ, ವೇದಿಕೆಯ ಎಲ್‌ಇಡಿ ವಾಲ್ ಮುಂದೆ ಗೆರೆ ಬರದಂತೆ ಶಟರ್ ಪರೀಕ್ಷಿಸಲು ಮುಂಚೆ ಬರುತ್ತಾರೆಯೇ, ಅದೇ ಸಂಜೆ ಪತ್ರಿಕೆಗೆ ಕಳಿಸಲು ಇಪ್ಪತ್ತು ಫೋಟೊ ಕೊಡುತ್ತಾರೆಯೇ. ದೀಪ ಬೆಳಗುವುದು, ಸ್ಮರಣಿಕೆ ಕೊಡುವುದು ಇವೆರಡಕ್ಕೂ ಮರುಟೇಕ್ ಇಲ್ಲ. ಗ್ರೂಪ್ ಫೋಟೊವನ್ನು ಊಟಕ್ಕೆ ಮುಂಚೆಯೇ ಮುಗಿಸಿ, ಊಟವಾದ ಮೇಲೆ ಜನ ಸೇರುವುದಿಲ್ಲ.

ಕೊಟೇಶನ್ ಓದುವುದು

'ಅನ್‌ಲಿಮಿಟೆಡ್ ಫೋಟೊಸ್' ಎಂಬ ಪದ ಕಂಡರೆ ಎಚ್ಚರ. ಎಂಟುನೂರು ಫೋಟೊ ಪೆನ್‌ಡ್ರೈವ್‌ನಲ್ಲಿ ಬಂದರೆ ಆರಿಸುವ ಕೆಲಸ ನಿಮ್ಮ ತಲೆಗೆ ಬಂತು ಎಂದರ್ಥ. ಬೇಕಾದದ್ದು ಎರಡು ಸಂಖ್ಯೆ: ಬಣ್ಣ ಸರಿಪಡಿಸಿದ ಫೋಟೊ ಎಷ್ಟು, ಪೂರ್ತಿ ರೀಟಚ್ ಆದದ್ದು ಎಷ್ಟು. ಎಂಟು ಗಂಟೆ ಎಂದರೆ ಮನೆ ಬಿಟ್ಟಾಗಿನಿಂದಲೋ, ಗೇಟಿನಿಂದಲೋ, ಮೊದಲ ಕ್ಲಿಕ್‌ನಿಂದಲೋ? ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿ ಬರುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಓವರ್‌ಟೈಮ್ ಗಂಟೆಗೆ ಎಷ್ಟು, ಅಸಿಸ್ಟೆಂಟ್ ಸೇರಿದೆಯೇ, ಎಷ್ಟು ಸಲ ತಿದ್ದುಪಡಿ, ಮಳೆ ಬಂದು ಹೊರಾಂಗಣದ ಕೆಲಸ ನಿಂತರೆ ಮರುದಿನಕ್ಕೆ ಶುಲ್ಕವೇನು, ಎಲ್ಲವೂ ಕಾಗದದಲ್ಲಿರಲಿ. ಎರಡು ಕೊಟೇಶನ್ ಹೋಲಿಸುವಾಗ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ಶೇ 18ರ ಲೆಕ್ಕದಲ್ಲಿ 40,000 ರೂಪಾಯಿಯದ್ದು 47,200 ಆಗುತ್ತದೆ. ನೋಂದಣಿ ಇಲ್ಲದ ಸಣ್ಣ ಫೋಟೊಗ್ರಾಫರ್ ಜಿಎಸ್‌ಟಿ ಹಾಕುವುದಿಲ್ಲ, ನಿಮಗೆ ಇನ್‌ಪುಟ್ ಕ್ರೆಡಿಟ್ಟೂ (ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ.

ಆಯ್ಕೆ ಇಬ್ಬರಿಗೆ ಇಳಿದಾಗ ಪೋರ್ಟ್‌ಫೋಲಿಯೊ ಬದಿಗಿಡಿ, ಒಂದೇ ಕೆಲಸದ ಪೂರ್ತಿ ಡೆಲಿವರಿ ಗ್ಯಾಲರಿ ತೋರಿಸಲು ಹೇಳಿ. ಐವತ್ತನೇ ವ್ಯಕ್ತಿಯ ಫೋಟೊ ಮೊದಲನೆಯದರಷ್ಟೇ ಚೆನ್ನಾಗಿದೆಯೇ ನೋಡಿ. ಫೋಟೊವನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ: ಕಣ್ಣಿನ ರೆಪ್ಪೆ ಸ್ಪಷ್ಟವಿದೆಯೇ, ಬಿಳಿ ಅಂಗಿಯಲ್ಲಿ ನೇಯ್ಗೆ ಉಳಿದಿದೆಯೇ, ಕಂಬಗಳು ನೆಟ್ಟಗಿವೆಯೇ. ಕೆಲಸ ದೊಡ್ಡದಾದರೆ ಹಣ ಕೊಟ್ಟೇ ಒಂದು ಗಂಟೆಯ ಟ್ರಯಲ್ ಮಾಡಿಸಿ, ನಿಮ್ಮದೇ ಕೋಣೆಯಲ್ಲಿ, ಮೂವರದ್ದು, ಅದರಲ್ಲಿ ಒಬ್ಬರು ಕನ್ನಡಕದವರು. ಹಳೆಯ ಗ್ರಾಹಕರಿಗೆ ಫೋನ್ ಮಾಡಿದರೆ ಎರಡೇ ಪ್ರಶ್ನೆ ಸಾಕು: ಹೇಳಿದ ತಾರೀಕಿಗೆ ಫೈಲ್ ಬಂತೇ, ಮಾತಾಡಿದವರೇ ಬಂದರೇ?

ಹಕ್ಕಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಕೊನೆಯ ಮಾತೇ ಮುಖ್ಯ. ಬಹಳಷ್ಟು ಕೊಟೇಶನ್‌ಗಳ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ 'ಹಕ್ಕು ಫೋಟೊಗ್ರಾಫರ್‌ದು, ಬಳಕೆಗೆ ಮಾತ್ರ ಪರವಾನಗಿ' ಎಂದಿರುತ್ತದೆ, ಸಹಿ ಹಾಕಿದರೆ ಅದೇ ಒಪ್ಪಂದ. ಹಕ್ಕನ್ನು ಬರೆದು ವರ್ಗಾಯಿಸಿಕೊಳ್ಳುವಾಗ ಅವಧಿ ಮತ್ತು ಪ್ರದೇಶ ಎರಡನ್ನೂ ನಮೂದಿಸಿ. ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಜರ್ಮನಿಯ ಮೇಳದಲ್ಲಿ ಸ್ಟಾಲ್ ಹಾಕುವ ಕಂಪನಿಗೆ ಇದು ತೊಡಕಾಗುತ್ತದೆ. ನಿಮ್ಮ ಫೋಟೊಗಳನ್ನು ಅವರು ತಮ್ಮ ಪೇಜಿನಲ್ಲಿ ಹಾಕಬಹುದೇ ಎಂಬುದನ್ನೂ ಸೇರಿಸಿ, ಕಾರ್ಖಾನೆಯದ್ದಾದರೆ ಹಾಕುವಂತಿಲ್ಲ ಎಂದೇ ಬರೆಯಿರಿ. ಸಿಬ್ಬಂದಿಯ ಮುಖ ಜಾಹೀರಾತಿಗೆ ಹೋಗುವುದಿದ್ದರೆ ಅವರಿಂದ ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಕು, ಕೆಲಸಕ್ಕೆ ಸೇರುವಾಗ ಹಾಕಿಸಿಕೊಂಡ ಸಾಮಾನ್ಯ ಸಹಿ ನೆಚ್ಚಿಕೊಳ್ಳಬೇಡಿ. ಕ್ಯಾಮೆರಾದಿಂದ ಬಂದ, ಸಂಸ್ಕರಿಸದ ರಾ ಫೈಲ್ ಹೆಚ್ಚಿನವರು ಕೊಡುವುದಿಲ್ಲ. ಅದಕ್ಕಾಗಿ ಜಗಳ ಬೇಡ, ಪೂರ್ತಿ ಗಾತ್ರದ ಟಿಫ್ (ಗುಣಮಟ್ಟ ಕುಗ್ಗದ ಫೈಲ್) ಕೇಳಿ ಪಡೆಯಿರಿ.

ಹಣದ ವಿಷಯದಲ್ಲಿ ಕಂಪನಿಗಳ ನಡವಳಿಕೆಯೂ ಸುಧಾರಿಸಬೇಕು. ಅರ್ಧ ಅಡ್ವಾನ್ಸ್ ಕೇಳುವುದು ದುರಾಸೆಯಲ್ಲ, ಲೈಟು ಬಾಡಿಗೆ, ಅಸಿಸ್ಟೆಂಟ್ ಕೂಲಿ ಅವರು ಅಂದೇ ಕೊಡಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದಲ್ಲಿ ಹಣ ಸಂದಾಯವಾಗಬೇಕು. 'ನಮ್ಮಲ್ಲಿ 90 ದಿನ ಕ್ರೆಡಿಟ್' ಎನ್ನುವ ಅಕೌಂಟ್ಸ್ ವಿಭಾಗಕ್ಕೆ ಒಳ್ಳೆಯ ಫೋಟೊಗ್ರಾಫರ್ ಎರಡನೇ ಸಲ ಸಿಗುವುದಿಲ್ಲ. ಟಿಡಿಎಸ್ ಎಷ್ಟು ಕಡಿತ ಎಂಬುದನ್ನು ನಿಮ್ಮ ಆಡಿಟರ್‌ರನ್ನು ಕೇಳಿ ಮೊದಲೇ ತಿಳಿಸಿಬಿಡಿ.

ಫೈಲ್ ಕೈಗೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದನ್ನು ಅಂತಿಮ ಎಂದು ಒಪ್ಪಬೇಡಿ, ಅದು ಕುಗ್ಗಿಸಿದ ಪ್ರತಿ. ಪ್ರತಿ ಫೋಟೊದ್ದು ಎರಡು ಪ್ರತಿ ಇರಬೇಕು: ವೆಬ್‌ಗೆ ಎಸ್‌ಆರ್‌ಜಿಬಿ (ಪರದೆಗಳಿಗೆ ಹೊಂದುವ ಮಾನಕ) ಬಣ್ಣದ ಚಿಕ್ಕದು, ಮುದ್ರಣಕ್ಕೆ ಪೂರ್ತಿ ಗಾತ್ರದ್ದು. ಎ4 ಪುಟ ತುಂಬ 300 ಡಿಪಿಐನಲ್ಲಿ ಅಚ್ಚಾಗಬೇಕಾದರೆ ಕನಿಷ್ಠ 2480 x 3508 ಪಿಕ್ಸೆಲ್ ಬೇಕು. ಹೆಡ್‌ಶಾಟ್ ಫೈಲಿಗೆ ಉದ್ಯೋಗಿ ಸಂಖ್ಯೆಯೇ ಹೆಸರಾಗಿರಲಿ, ಕ್ಯಾಮೆರಾ ಕೊಟ್ಟ ನಂಬರ್ ಇದ್ದರೆ ಯಾರು ಯಾರೆಂದು ಎಚ್‌ಆರ್‌ನವರು ಒಂದು ದಿನ ಕೂತು ಹುಡುಕಬೇಕಾಗುತ್ತದೆ. ಡೌನ್‌ಲೋಡ್ ಲಿಂಕ್‌ಗಳಿಗೆ ಅವಧಿ ಇರುತ್ತದೆ, ಕೆಲವಕ್ಕೆ ಒಂದೇ ವಾರ. ಬಂದ ದಿನವೇ ಇಳಿಸಿ, ಕಂಪನಿ ಸರ್ವರ್ ಒಂದರಲ್ಲಿ, ಹಾರ್ಡ್ ಡಿಸ್ಕ್ ಒಂದರಲ್ಲಿ ಇಟ್ಟು, ಪಟ್ಟಿಯೊಡನೆ ಎಣಿಸಿ ನೋಡಿ ಬಾಕಿ ಹಣ ಬಿಡುಗಡೆ ಮಾಡಿ. ಫೋಟೊಗ್ರಾಫರ್ ತಮ್ಮ ಬಳಿ ಇನ್ನೂ ಒಂದು ವರ್ಷ ಪ್ರತಿ ಇಟ್ಟುಕೊಳ್ಳಬೇಕು ಎಂಬ ಸಾಲೂ ಪರ್ಚೇಸ್ ಆರ್ಡರ್‌ನಲ್ಲಿರಲಿ.